ಮಗಳ ಮದುವೆಗೆ ಅವ್ವನ ಕೌದಿ



ಹಿಂಗಾರಿ ಜೋಳದ ರಾಶಿ ಮುಗಿದಿದೆ. ಕಡಲೆ, ಕುಸುಬೆ ಮನೆಗೆ ಬಂದಿವೆ. ಹತ್ತಿ ಬಿಡಿಸುವ ಕೆಲಸವೂ ತೀರಿತು. ಇನ್ನು ಮದುವೆಗಳ ಕಾಲ. ಈ ಹೊತ್ತಿನಲ್ಲಿ ನಾನು ನಿಮ್ಮ ಮುಂದೆ ಬಂದರೆ ಮಾಗಿ ಉಳುಮೆ, ಮಣ್ಣು ಪರೀಕ್ಷೆ, ಬೀಜೋಪಚಾರ ಇವುಗಳ ಮಾತನ್ನೇ ಆಡುವುದು ವಾಡಿಕೆ. ಇವತ್ತು ಅವನ್ನೆಲ್ಲ ಬದಿಗಿಟ್ಟು ಕೌದಿಯ ಮಾತು ತೆಗೆದಿದ್ದೇನೆ. "ಕೃಷಿ ಇಲಾಖೆಯವರಿಗೂ ಕೌದಿಗೂ ಏನ್ರಿ ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಕೌದಿ ಆಗುವುದು ಹತ್ತಿಯ ಬಟ್ಟೆಯಿಂದ, ಹತ್ತಿ ಬೆಳೆಯುವುದು ನಿಮ್ಮ ಹೊಲದಲ್ಲಿ. ಮಗಳ ಮದುವೆಗೆ ಮಾಡಿದ ಸಾಲ ತೀರಬೇಕಾದದ್ದೂ ಅದೇ ಹೊಲದಿಂದಲೇ.

ಮೊದಲು ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 2014ರಲ್ಲಿ ನನ್ನ ತಂಗಿಯ ಮದುವೆ ಆಯಿತು. ನಾನು ಡಿಪ್ಲೊಮಾ ಮುಗಿಸಿ ನೌಕರಿಗೆ ಸೇರಿ ಆಗ ಎರಡು ವರ್ಷ. ನಮ್ಮ ಅವ್ವ ಮೂರು ಬೇಸಿಗೆ ಕುಳಿತು ಮಗಳಿಗೆಂದು ಒಂದು ಕೌದಿ ಹೊಲಿದಿಟ್ಟಿದ್ದಳು. ನಾನು ಅದನ್ನು ಕಳಿಸಗೊಡಲಿಲ್ಲ. "ಬೀಗರ ಮನೆಗೆ ಚಿಂದಿ ಅರಿವೆಯ ಹೊದಿಕೆ ಕಳಿಸಿದರೆ ನಾಲ್ಕು ಮಂದಿ ಏನಂದಾರು?" ಅಂದೆ. ಪೇಟೆಯಿಂದ ಗಾದಿ ತಂದೆ, ಮಿಂಚುವ ರಗ್ಗು ತಂದೆ, ಕಪಾಟು ತಂದೆ. ಕೈಯಲ್ಲಿ ಇದ್ದದ್ದು ಸಾಲಲಿಲ್ಲ, ಬಡ್ಡಿಗೆ ತಂದೆ. ಅವ್ವ ಎದುರು ಮಾತಾಡಲಿಲ್ಲ. "ಇರಲಿ ಬಿಡೋ ತಮ್ಮಾ, ನಿನ್ನ ಮನಸಿಗೆ ಬಂದ್ಹಂಗ ಮಾಡು" ಅಂದು ಕೌದಿ ಮಡಚಿ ಅಟ್ಟಕ್ಕೆ ಹಾಕಿದಳು. ಆ ಬಡ್ಡಿಯ ಹಣ ತೀರಿಸಲಿಕ್ಕೆ ನಮ್ಮ ಮೂರು ವರ್ಷದ ಹತ್ತಿಯ ದುಡ್ಡು ಬೇಕಾಯಿತು.

ಎರಡು ವರ್ಷದ ಮೇಲೆ ತಂಗಿ ಬಾಣಂತಿತನಕ್ಕೆ ತವರಿಗೆ ಬಂದಳು. ಬರುವಾಗ ಅದೇ ಪೇಟೆ ರಗ್ಗನ್ನು ಹೊತ್ತು ತಂದಿದ್ದಳು. ಕೂಸಿಗೆ ಅದನ್ನು ಹೊದಿಸಿದರೆ ಮೈ ಬೆವರಿ ಬೆವರುಸಾಲೆ ಏಳುತ್ತಿತ್ತು, ತೆಗೆದರೆ ಶ್ರಾವಣದ ಥಂಡಿ. ಆಗ ಅವ್ವ ಅಟ್ಟದ ಮೇಲಿನ ಕೌದಿ ಇಳಿಸಿದಳು. ಅದರ ಒಂದು ಬದಿಯನ್ನು ಇಲಿ ಕಡಿದಿದ್ದವು. ಸರಿಮಾಡಲಿಕ್ಕೆಂದು ಆ ಬದಿಯ ಹೊಲಿಗೆ ಬಿಚ್ಚಿದಾಗ ಒಳಗಿನ ಪದರುಗಳು ಒಂದರ ಕೆಳಗೊಂದು ಕಂಡವು. "ಇದು ನಿಮ್ಮಜ್ಜಿ ಮದಿವಿ ಸೀರಿ. ಇದು ನಿಮ್ಮಪ್ಪನ ಧೋತರ. ಇದು ನೀ ಸಾಲಿಗೆ ಹಾಕ್ಕೊಂಡು ಹೋಗತಿದ್ದ ಅಂಗಿ" ಎಂದು ಅವ್ವ ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ನಾನು ಚಿಂದಿ ಅಂದದ್ದು ನಮ್ಮ ಮನೆತನದ ನೂರು ವರ್ಷದ ಲೆಕ್ಕವಾಗಿತ್ತು. ಆ ಪದರುಗಳ ಕಥೆಯನ್ನೇ ಇವತ್ತು ನಿಮಗೆ ಹೇಳುವುದು.

ಕೌದಿ ಎಂಬುದು ನಮ್ಮೊಬ್ಬರದೇ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಸೀಮೆಯಲ್ಲಿ ನಾವು ಕೌದಿ ಅನ್ನುತ್ತೇವೆ, ಕೆಲವರು ಕವದಿ ಅನ್ನುತ್ತಾರೆ. ಮರಾಠಿಯವರು ಗೋಧಡಿ ಅಂದರೆ ತೆಲುಗಿನವರು ಬೊಂತ ಅನ್ನುತ್ತಾರೆ. ಬಂಗಾಲದಲ್ಲಿ ಅದಕ್ಕೆ ಕಾಂಥಾ ಎಂದು ಹೆಸರು. ಸಂಸ್ಕೃತದ ಕಂಥಾ, ನಮ್ಮ ಹಳೆಯ ಕನ್ನಡದ ಕಂಥೆ, ಇವೆಲ್ಲ ಒಂದೇ ಬಳ್ಳಿಯ ಮಾತುಗಳು. ಊರೂರು ತಿರುಗುವ ಸಾಧುಗಳು ತುಂಡು ಬಟ್ಟೆ ಕೂಡಿಸಿ ಹೊಲಿದ ಕಂಥೆಯನ್ನು ಮೈಮೇಲೆ ಹೊದೆಯುತ್ತಿದ್ದರು.

ಬೌದ್ಧರ ಗ್ರಂಥಗಳಲ್ಲಿ ಒಕ್ಕಲಿಗರು ಮೆಚ್ಚುವಂಥ ಒಂದು ಕಥೆ ಇದೆ. ಭಗವಾನ್ ಬುದ್ಧನು ಮಗಧ ದೇಶದಲ್ಲಿ ನಡೆದು ಹೋಗುವಾಗ ಬದು ಹಾಕಿ ಮಡಿ ಮಡಿಯಾಗಿ ಭಾಗಮಾಡಿದ ಗದ್ದೆಗಳನ್ನು ಕಂಡನಂತೆ. ಜೊತೆಗಿದ್ದ ಶಿಷ್ಯ ಆನಂದನಿಗೆ ಅವನ್ನು ತೋರಿಸಿ, "ಭಿಕ್ಷುಗಳ ಬಟ್ಟೆಯನ್ನು ಹೀಗೆ ಹೊಲಿಯಲಿಕ್ಕೆ ಬಂದೀತೇ?" ಎಂದು ಕೇಳಿದನಂತೆ. ಆನಂದನು ತುಂಡುಗಳನ್ನು ಗದ್ದೆಯ ಮಡಿಗಳಂತೆ ಕೂಡಿಸಿ ಬಟ್ಟೆ ಮಾಡಿದ. ಇಂದಿಗೂ ಬೌದ್ಧ ಭಿಕ್ಷುಗಳ ಚೀವರದಲ್ಲಿ ಆ ಗದ್ದೆಯ ಗೆರೆಗಳು ಇರುತ್ತವೆ. ತುಂಡು ಕೂಡಿಸಿ ಹೊಲಿಯುವ ಕೆಲಸಕ್ಕೆ ಹೊಲವೇ ಮಾದರಿ ಆದದ್ದನ್ನು ಗಮನಿಸಿರಿ.

ಇನ್ನು ನಮ್ಮ ಅವ್ವನ ಕೌದಿಗೆ ಬರೋಣ. ಎಲ್ಲಕ್ಕೂ ಕೆಳಗಿನ ಪದರು ಕೈನೂಲಿನ ದಪ್ಪ ಬಟ್ಟೆ. ಅದು ನಮ್ಮ ಮುತ್ತಜ್ಜಿಯ ಕಾಲದ ಹಳೆಯ ಕೌದಿ. ಹಳೆಯ ಕೌದಿ ಸವೆದರೆ ನಮ್ಮವರು ಅದನ್ನು ಎಸೆಯುವುದಿಲ್ಲ, ಹೊಟ್ಟೆಯೊಳಗೆ ಇಟ್ಟು ಮೇಲೆ ಹೊಸ ಹೊದಿಕೆ ಹಾಕಿ ಮತ್ತೆ ಹೊಲಿಯುತ್ತಾರೆ. ಹಾಗಾಗಿ ಒಂದು ಕೌದಿಯೊಳಗೆ ಇನ್ನೊಂದು ಕೌದಿ ಇರುತ್ತದೆ.

ಆ ಕೈನೂಲಿನ ಹಿಂದೆ ದೊಡ್ಡ ಇತಿಹಾಸ ಇದೆ. ನಮ್ಮ ಎರೆಭೂಮಿಯಲ್ಲಿ ಹತ್ತಿ ಬಹು ಹಿಂದಿನಿಂದ ಬಂದ ಬೆಳೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಸೀಮೆಗೆ ತಂದು ಬಿತ್ತಿಸಿತು. ಅದು ಈ ಮಣ್ಣಿಗೆ ಒಗ್ಗಿ ಧಾರವಾಡ-ಅಮೆರಿಕನ್ ಹತ್ತಿ ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಹತ್ತಿಗೆ ಎಂದೂ ಇಲ್ಲದ ಧಾರಣೆ ಬಂತು. ಯುದ್ಧ ಮುಗಿಯಿತು, ಧಾರಣೆಯೂ ಬಿತ್ತು. ಬೆಲೆ ಏರಿದಾಗ ಕೈಬಿಚ್ಚಿ ಖರ್ಚು ಮಾಡಿ, ಇಳಿದಾಗ ಸಾಲಕ್ಕೆ ಬೀಳುವ ಪಾಡು ನಮ್ಮ ರೈತರಿಗೆ ಅಂದೂ ಇತ್ತು, ಇಂದೂ ಇದೆ. ಅದಾದ ಮೇಲೆ 1876-78ರ ಘೋರ ಬರ ಬಂತು. ವಿಜಯಪುರ, ಧಾರವಾಡ ಸೀಮೆಗಳು ಆ ಬರದಲ್ಲಿ ತತ್ತರಿಸಿದವು. "ಬರದಾಗ ತಾಮ್ರದ ಹಂಡೆ ಹೋದ್ವು, ಬೆಳ್ಳಿ ಹೋತು, ಎತ್ತು ಹೋದ್ವು. ಕೌದಿ ಮಾತ್ರ ಉಳೀತು, ಅದನ್ನ ಯಾರೂ ಒತ್ತಿ ಇಟ್ಕೊಳ್ಳಲಿಲ್ಲ" ಎಂದು ನಮ್ಮ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು.

1880ರ ದಶಕದಲ್ಲಿ ನಮ್ಮ ಕಡೆಗೆ ರೈಲು ಬಂತು. ರೈಲಿನಲ್ಲಿ ಹತ್ತಿ ಹೋಯಿತು, ಗಿರಣಿಯ ಅಗ್ಗದ ಬಟ್ಟೆ ಬಂತು. ಊರ ನೇಕಾರನ ಮಗ್ಗ, ಮನೆಯ ರಾಟಿ ಸೊರಗಿದವು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಆ ಕಾಲದಲ್ಲಿ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ರಾಟಿಗಳು ಮತ್ತೆ ತಿರುಗಿದವು. ಮುತ್ತಜ್ಜಿಯ ಆ ದಪ್ಪ ಬಟ್ಟೆ ಆಗ ನೂತ ನೂಲಿನದು ಎಂದು ಅವ್ವ ಹೇಳುತ್ತಾಳೆ. ಕೈಯಾಡಿಸಿದರೆ ಈಗಲೂ ನೂಲಿನ ಗಂಟು ತಾಗುತ್ತದೆ.

ಅದರ ಮೇಲಿನ ಪದರು ಅಜ್ಜಿಯ ಇಳಕಲ್ ಸೀರೆ. ಇಳಕಲ್ ಊರು ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಸೀರೆಯ ಮೈಯನ್ನೂ ಸೆರಗನ್ನೂ ಬೇರೆ ಬೇರೆ ಎಳೆಗಳಿಂದ ಹಾಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೂಡಿಕೆಗೆ ತೋಪ ತೆನಿ ಅನ್ನುತ್ತಾರೆ. ಅಜ್ಜಿಯ ಸೀರೆಯ ಮೈ ಸವೆದು ಹರಿದರೂ ದಡಿ ಗಟ್ಟಿ ಇತ್ತು. ಅವ್ವ ಆ ದಡಿಯನ್ನು ಬಿಡಿಸಿ ಕೌದಿಯ ನಾಲ್ಕೂ ಅಂಚಿಗೆ ಹಚ್ಚಿದ್ದಳು. ಅಂಚು ಎಳೆತಕ್ಕೆ ಸಿಗುವ ಜಾಗ, ಅಲ್ಲಿ ಗಟ್ಟಿ ಬಟ್ಟೆಯೇ ಬೇಕು. ಹೊಲದ ಬದುವಿಗೆ ಕಲ್ಲು ಕಟ್ಟುವ ಬುದ್ಧಿಯೇ ಇದು.

ಮೂರನೆಯದು ಗಿರಣಿಯ ಧೋತರ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಅಭಾವ ಬಂದು, 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹಾಕಿತು. ಹಳ್ಳಿಯವರು ಇದನ್ನು ಕಂಟ್ರೋಲ್ ಅರಿವಿ ಅಂದರು. ಆ ದಿನಗಳಲ್ಲಿ ನಡು ಸವೆದ ಧೋತರವನ್ನು ಉದ್ದಕ್ಕೆ ಸೀಳಿ, ಗಟ್ಟಿ ಇದ್ದ ಎರಡು ಅಂಚುಗಳನ್ನು ನಡುವಿಗೆ ತಂದು ಹೊಲಿದು ಮತ್ತೊಂದು ವರ್ಷ ಉಡುತ್ತಿದ್ದರಂತೆ. ನಮ್ಮಜ್ಜಿ ಕಲಿತ ಆ ಕೈಗುಣ ಅವ್ವನಿಗೂ ಬಂತು. ಅಪ್ಪನ ಧೋತರದಲ್ಲಿ ಅಂಥದೇ ಉದ್ದನೆಯ ಹೊಲಿಗೆ ಇದೆ.

ಎಲ್ಲಕ್ಕೂ ಮೇಲಿನದು ಬಣ್ಣಬಣ್ಣದ ತುಂಡುಗಳು. ಗುಳೇದಗುಡ್ಡದ ಖಣದ ಚೂರು, ನನ್ನ ಸಾಲೆಯ ನೀಲಿ ಅಂಗಿ, ತಂಗಿಯ ಲಂಗ. ಇಲ್ಲಿ ಇನ್ನೊಂದು ಇತಿಹಾಸ ಶುರುವಾಗುತ್ತದೆ. 1960ರ ದಶಕದ ನಡುವೆ ನಮ್ಮ ದೇಶದಲ್ಲಿಯೇ ಪಾಲಿಯೆಸ್ಟರ್ ನೂಲು ತಯಾರಾಗತೊಡಗಿತು. ಟೆರಿಲಿನ್, ಟೆರಿಕಾಟ್, ನೈಲಾನ್ ಎಂಬ ಮಾತುಗಳು ಸಂತೆಗೂ ಬಂದವು. ಬಟ್ಟೆ ಬೇಗ ಒಣಗುತ್ತದೆ, ಮುದುರುವುದಿಲ್ಲ, ಬಹಳ ದಿನ ಬಾಳುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಅದನ್ನು ಮೆಚ್ಚಿದರು. ಅದರಲ್ಲಿ ತಪ್ಪಿಲ್ಲ. ಆದರೆ ಅದು ಬೆವರು ಹೀರುವುದಿಲ್ಲ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಆ ಬಟ್ಟೆ ಕೌದಿಗೆ ಬಂದಾಗ ಕೌದಿಯ ಗುಣವೇ ಕೆಟ್ಟಿತು.

ಅದೇ ಕಾಲದಲ್ಲಿ ಹೊಲದಲ್ಲಿ ಏನಾಯಿತು ನೋಡಿರಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಕೊಟ್ಟರು. 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್.-32 ಬಂತು, ರೈತರು ಅದನ್ನು ಜಯಲಕ್ಷ್ಮಿ ಎಂದು ಕರೆದರು. 2002ರಲ್ಲಿ ಬಿ.ಟಿ. ಹತ್ತಿಗೆ ಸರಕಾರದ ಒಪ್ಪಿಗೆ ಸಿಕ್ಕಿತು. ಹೊಲದಲ್ಲಿ ಹೊಸ ಹೊಸ ಹತ್ತಿ ಬರುತ್ತಲೇ ಇತ್ತು, ಮನೆಯಲ್ಲಿ ಹತ್ತಿಯ ಬಟ್ಟೆ ಮಾತ್ರ ಕಡಿಮೆ ಆಗುತ್ತಾ ಹೋಯಿತು. ಗಾಡಿ ತುಂಬ ಹತ್ತಿ ಹೇರಿ ಮಾರಿಬಂದ ರೈತ, ಅದೇ ಪೇಟೆಯಿಂದ ಪಾಲಿಯೆಸ್ಟರ್ ರಗ್ಗು ಹೊತ್ತು ತಂದ. ಅಂಥವರಲ್ಲಿ ನಾನೂ ಒಬ್ಬ.

ಕೌದಿ ಬೆಚ್ಚಗೆ ಇರುವುದು ಹೇಗೆ? ಬಟ್ಟೆಯ ಪದರು ಪದರುಗಳ ನಡುವೆ ಗಾಳಿ ನಿಂತಿರುತ್ತದೆ. ನಿಂತ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಹೊಲದಲ್ಲಿ ಸಾಲಿನ ನಡುವೆ ರವದಿ ಹಾಸಿದರೆ ಮಣ್ಣಿನ ತೇವ ಉಳಿಯುತ್ತದೆಯಲ್ಲ, ಹಾಗೆಯೇ ಇದು. ಪದರುಗಳು ಜರುಗದಂತೆ ಹಿಡಿಯುವುದು ಒತ್ತೊತ್ತಾಗಿ ಹಾಕಿದ ಸಣ್ಣ ಹೊಲಿಗೆ. ಒಡ್ಡು ಇಲ್ಲದ ಹೊಲದ ಮಣ್ಣು ಮಳೆಗೆ ಜಾರಿ ಒಂದು ಮೂಲೆಗೆ ಸೇರುವಂತೆ, ಹೊಲಿಗೆ ವಿರಳವಾದ ಕೌದಿಯ ಬಟ್ಟೆ ಒಗೆದಾಗ ಒಂದು ಕಡೆ ಗಂಟಾಗಿ ಕೂಡುತ್ತದೆ.

ಈ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ನಮ್ಮಲ್ಲಿ ಇದ್ದಾರೆ. ಗೊಂದಳಿ ಸಮಾಜದ ಹೆಣ್ಣುಮಕ್ಕಳು ಊರೂರಿಗೆ ಬಂದು, ಮನೆಯವರು ಕೊಟ್ಟ ಹಳೆಯ ಬಟ್ಟೆಯಿಂದ ಕೌದಿ ಹೊಲಿದು ಕೊಡುತ್ತಾ ಬಂದಿದ್ದಾರೆ. ಇನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಆಫ್ರಿಕಾ ಖಂಡದವರು. ಪೋರ್ತುಗೀಜರ ಕಾಲದಲ್ಲಿ ಅಲ್ಲಿಂದ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಅಡವಿ ಸೇರಿದರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಸಿದ್ದಿ ಹೆಂಗಸರು ತಮ್ಮ ಕೌದಿಗೆ ಕವಂದಿ ಅನ್ನುತ್ತಾರೆ. ಒಂದು ಮೂಲೆಯಿಂದ ತುಂಡು ಹಚ್ಚುತ್ತಾ, ಅಂಚಿನ ಗುಂಟ ಸುತ್ತಿ ಸುತ್ತಿ ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂ ಇಡುತ್ತಾರೆ. ಹೂ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ ಇದ್ದಂತೆ. ಏನೂ ಇಲ್ಲದೆ ಅಡವಿ ಸೇರಿದ ಜನ ಚಿಂದಿಯಿಂದ ಮಾಡಿದ ಆ ಹೊದಿಕೆಗಳು ಇಂದು ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗಿವೆ. ಅಂಥದ್ದನ್ನು ಬೀಗರ ಮುಂದೆ ಇಡಲಿಕ್ಕೆ ನಾನು ನಾಚಿದ್ದೆ!

ಈಗ ಹೇಳಿರಿ, ನಿಮ್ಮ ಮನೆಯಲ್ಲಿ ಮುಂದಿನ ವರ್ಷ ಮದುವೆ ಇದ್ದರೆ ಈ ಬೇಸಿಗೆಯಲ್ಲಿಯೇ ಒಂದು ಕೌದಿ ಹಾಸಬಾರದೇ? ಮಾಡುವ ರೀತಿ ನಿಮಗೆ ಗೊತ್ತಿದ್ದದ್ದೇ. ಆದರೂ ಹೊಸದಾಗಿ ಕಲಿಯುವ ಹುಡುಗಿಯರಿಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಬಟ್ಟೆ ಆರಿಸುವುದು. ಹತ್ತಿಯದೋ ಅಲ್ಲವೋ ಎಂಬ ಸಂಶಯ ಇದ್ದರೆ ಎರಡು ಎಳೆ ಕಿತ್ತು ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿರಿ. ಹತ್ತಿಯ ಎಳೆ ಕಾಗದದಂತೆ ಉರಿದು ಬೂದಿ ಆಗುತ್ತದೆ. ಪಾಲಿಯೆಸ್ಟರ್ ಎಳೆ ಕರಗಿ ಗಟ್ಟಿ ಮಣಿ ಆಗುತ್ತದೆ. ಮಣಿ ಆದದ್ದನ್ನು ಕೌದಿಗೆ ಹಾಕಬೇಡಿರಿ, ಅದರಲ್ಲೂ ಕೂಸಿನ ಕೌದಿಗೆ ಬೇಡವೇ ಬೇಡ.

ಎರಡನೆಯದು, ಎಲ್ಲ ಬಟ್ಟೆಯನ್ನೂ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿರಿ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಒಗೆಯದೆ ಹಳೆಯದರ ಜೊತೆ ಹೊಲಿದರೆ ಮುಂದೆ ಕೌದಿ ಸುಕ್ಕುಗಟ್ಟುತ್ತದೆ. ಬಣ್ಣ ಬಿಡುವ ಬಟ್ಟೆಯೂ ಈಗಲೇ ಗೊತ್ತಾಗುತ್ತದೆ.

ಮೂರನೆಯದು, ಹಾಸುವುದು. ಒಬ್ಬರಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಪಡಸಾಲೆಯಲ್ಲಿ ಗಟ್ಟಿ ಸೀರೆ ಹಾಸಿ, ಮೇಲೆ ಮೆತ್ತನೆಯ ಹಳೆಯ ಬಟ್ಟೆಯ ಪದರು ಇಟ್ಟು, ಎಲ್ಲಕ್ಕೂ ಮೇಲೆ ಬಣ್ಣದ ತುಂಡು ಜೋಡಿಸಿರಿ. ಮೊದಲು ಉದ್ದುದ್ದ ಹೊಲಿಗೆ ಹಾಕಿ ಪದರುಗಳನ್ನು ತಡೆದಿಟ್ಟು, ಆಮೇಲೆ ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತಾ ಬನ್ನಿರಿ. ದಾರವೂ ಹತ್ತಿಯದೇ ಇರಲಿ. ನಾಲ್ಕು ಮಂದಿ ನಾಲ್ಕು ಬದಿಗೆ ಕುಳಿತರೆ ಕೆಲಸವೂ ಸಾಗುತ್ತದೆ, ಮಾತೂ ಸಾಗುತ್ತದೆ. ನಿಮಗೆ ಬಿಡುವು ಇಲ್ಲದಿದ್ದರೆ ಊರಲ್ಲಿ ಹೊಲಿಯಬಲ್ಲವರಿಗೆ ನ್ಯಾಯವಾದ ಕೂಲಿ ಕೊಟ್ಟು ಹೊಲಿಸಿರಿ. ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ದಿನವೆಲ್ಲ ಬಗ್ಗಿ ಕೂತ ಸೊಂಟದ ನೋವು ಅವರಿಗೇ ಗೊತ್ತು.

ನಾಲ್ಕನೆಯದು, ಕಾಪಾಡುವುದು. ವರ್ಷಕ್ಕೆ ಎರಡು ಸಲ ಎರಡೂ ಮಗ್ಗುಲು ಬಿಸಿಲು ತೋರಿಸಿರಿ. ಒಣಗಿದ ಬೇವಿನ ಎಲೆ ಇಟ್ಟು ಪೆಟ್ಟಿಗೆಯಲ್ಲಿ ಇಡಿರಿ. ಅಟ್ಟಕ್ಕೆ ಎಸೆದರೆ ನನ್ನ ಮನೆಯಲ್ಲಿ ಆದಂತೆ ಇಲಿಯ ಪಾಲಾಗುತ್ತದೆ.

ಇನ್ನೊಂದು ಮಾತನ್ನು ಗಂಡಸರಿಗೆ ಹೇಳಬೇಕು. ನಮ್ಮ ದೇಶದಲ್ಲಿ 1961ರಲ್ಲಿಯೇ ವರದಕ್ಷಿಣೆ ನಿಷೇಧದ ಕಾಯ್ದೆ ಬಂದಿದೆ. ಕೇಳಿ ಪಡೆಯುವುದು ಅಪರಾಧ. ಆದರೂ ಯಾರೂ ಕೇಳದಿದ್ದಾಗಲೂ ನಾವೇ ಮರ್ಯಾದೆಗೆ ಅಂಜಿ ಸಾಲ ಮಾಡಿ ಸಾಮಾನು ಕಳಿಸುತ್ತೇವೆ. ನಾನು ಕಳಿಸಿದ ಗಾದಿ ನಾಲ್ಕು ವರ್ಷದಲ್ಲಿ ಗುಂಡಿ ಬಿತ್ತು. ಕಪಾಟಿನ ಬಾಗಿಲು ಕೂಡುವುದಿಲ್ಲ. ಅವನ್ನು ತಂದ ಸಾಲಕ್ಕೆ ನಾನು ಒಂದು ಸುಗ್ಗಿಯ ಬೀಜ, ಗೊಬ್ಬರವನ್ನೂ ಉದ್ದರಿ ತರಬೇಕಾಯಿತು. ಕೌದಿ ಕೊಟ್ಟರೆ ಮದುವೆಯ ಎಲ್ಲ ಖರ್ಚೂ ಉಳಿದೀತು ಎಂದು ನಾನು ಹೇಳುವುದಿಲ್ಲ. ಆದರೆ ತೋರಿಕೆಗೆ ತರುವ ಒಂದು ಸಾಮಾನು ಬಿಟ್ಟು, ಮನೆಯಲ್ಲಿ ಮಾಡಿದ ಒಂದು ವಸ್ತು ಕಳಿಸುವ ಧೈರ್ಯ ಬಂದರೆ, ಮುಂದಿನದನ್ನೂ ಬಿಡುವ ಧೈರ್ಯ ಬರುತ್ತದೆ.

ಕೌದಿ ಕಳಿಸುವಾಗ ಯಾವ ತುಂಡು ಯಾರದು ಎಂಬುದನ್ನು ಮಗಳಿಗೆ ಹೇಳಿ ಕಳಿಸಿರಿ. ಸಾಧ್ಯವಾದರೆ ಒಂದು ಕಾಗದದಲ್ಲಿ ಬರೆದು ಕೊಡಿರಿ. ಕೌದಿ ಹೊಲಿದವಳ ಹೆಸರನ್ನೂ ಬರೆಯಿರಿ. ನಮ್ಮ ಅವ್ವ ತೋರಿಸಿ ಹೇಳದಿದ್ದರೆ ನನಗೆ ಮುತ್ತಜ್ಜಿಯ ನೂಲು ಯಾವುದು, ಅಪ್ಪನ ಧೋತರ ಯಾವುದು ತಿಳಿಯುತ್ತಲೇ ಇರಲಿಲ್ಲ. ಮುತ್ತಜ್ಜಿಯ ಕೌದಿಯನ್ನು ಆಕೆಯ ಜೊತೆ ಕೂತು ಹೊಲಿದವರು ಯಾರು ಎಂಬುದು ಈಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇಲಿ ಕಡಿದ ಜಾಗಕ್ಕೆ ಅವ್ವ ಅವತ್ತು ತನ್ನದೇ ಒಂದು ಸೀರೆಯ ತುಂಡು ಹಚ್ಚಿದಳು. ಆ ಕೌದಿ ತಂಗಿಯ ಜೊತೆ ಅವಳ ಗಂಡನ ಮನೆಗೆ ಹೋಯಿತು. "ನಮಗ್ಯಾಕ ಇಂಥಾದು ಹೊಲಿದು ಕೊಡಲಿಲ್ಲ ಬೀಗತಿ?" ಎಂದು ಅವಳ ಅತ್ತೆ ನಮ್ಮ ಅವ್ವನನ್ನು ಕೇಳಿದರು. ನಾಲ್ಕು ಮಂದಿ ಏನಂದಾರು ಎಂದು ನಾನು ಹೆದರಿದ್ದೆನಲ್ಲ, ಅವರು ಅಂದದ್ದು ಇಷ್ಟೇ.

ಈಗ ಅವ್ವನಿಗೆ ಕಣ್ಣು ಮಂಜಾಗಿವೆ, ಸೂಜಿಗೆ ದಾರ ಪೋಣಿಸಲಿಕ್ಕೆ ಆಗುವುದಿಲ್ಲ. ಸಾಲೆಯ ಸೂಟಿಗೆ ಬರುವ ತಂಗಿಯ ಮಗಳು ಒಮ್ಮೆಗೆ ಹತ್ತು ಸೂಜಿಗೆ ದಾರ ಪೋಣಿಸಿ ಇಟ್ಟು ಆಡಲಿಕ್ಕೆ ಓಡುತ್ತಾಳೆ. ಅವ್ವ ಆ ಹತ್ತು ಸೂಜಿ ತೀರುವತನಕ ಹೊಲಿಯುತ್ತಾಳೆ. ಈ ಸಲ ಹಾಸಿದ್ದು ಬೀಗತಿಯ ಕೌದಿ.

ನಿಮ್ಮ ಮನೆಯಲ್ಲಿಯೂ ಹೊಲಿಯಬಲ್ಲ ಹಿರಿಯರು ಇದ್ದರೆ, ಅವರ ಕಣ್ಣು ಚೆನ್ನಾಗಿರುವಾಗಲೇ ಅವರ ಪಕ್ಕ ಕುಳಿತುಕೊಳ್ಳಿರಿ. ಮಾಗಿ ಉಳುಮೆಯ ಮಾತು ಮುಂದಿನ ಸಲ ಆಡೋಣ.